ಸವಿಮಾತಿನ ಸಹೋದ್ಯೋಗಿ ಮತ್ತು ಬಾರದ ಚೀಟಿ

ಪ್ರಶ್ನೆ: ನಾನು ಮಂಗಳೂರಿನ ಹೊರವಲಯದ ಗೇರುಬೀಜ ರಫ್ತು ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಒಂದೂವರೆ ವರ್ಷದ ಹಿಂದೆ ಖರೀದಿ ವಿಭಾಗಕ್ಕೆ ಸೇರಿದ ಸಹೋದ್ಯೋಗಿಯೊಬ್ಬರು ಬಂದ ವಾರದಲ್ಲೇ ಎಲ್ಲರ ಮನಸ್ಸು ಗೆದ್ದರು. ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಾರೆ. ನನ್ನ ಮಗನ ಪಿಯುಸಿ ಸೀಟಿಗಾಗಿ ಓಡಾಡಿ ಸಹಾಯ ಮಾಡಿದ್ದಾರೆ. ಹೆಂಡತಿಯ ಕಾಯಿಲೆಯ ವಿಷಯವನ್ನು ನನ್ನೊಬ್ಬಳ ಬಳಿ ಮಾತ್ರ ಹೇಳಿಕೊಳ್ಳುತ್ತಿದ್ದೇನೆ ಎಂದಿದ್ದರು. ಕಳೆದ ಮಾರ್ಚ್ ಕೊನೆಯಲ್ಲಿ ಪ್ಯಾಕಿಂಗ್ ಡಬ್ಬಿಗಳ 1,84,000 ರೂಪಾಯಿಯ ಬಿಲ್ ಹಿಡಿದುಕೊಂಡು ಬಂದು, “ಅಕ್ಕ, ಧಣಿಗಳಿಗೆ ಹೇಳಿ ಆಗಿದೆ, ಇವತ್ತೇ ಪಾಸ್ ಮಾಡಿಬಿಡಿ, ಗೋದಾಮಿನ ಚೀಟಿ ನಾಳೆ ನಾನೇ ತಂದುಕೊಡ್ತೇನೆ” ಎಂದರು. ಮಾಲು ತಲುಪಿತೆಂದು ತಿಳಿಸುವ ಆ ಚೀಟಿ ಬರಲೇ ಇಲ್ಲ. ಮಾಲು ಅರ್ಧ ಮಾತ್ರ ಬಂದಿತ್ತೆಂದು ಆಮೇಲೆ ತಿಳಿಯಿತು. ಧಣಿಗಳ ಮುಂದೆ ಅವರು, “ಅವಸರ ಬೇಡ ಅಂತ ಅಕ್ಕನಿಗೆ ಆವತ್ತೇ ಹೇಳಿದ್ದೆ” ಎಂದುಬಿಟ್ಟರು. ನಾನು ಅಲ್ಲವೆಂದಾಗ ಕಣ್ಣಲ್ಲಿ ನೀರು ತಂದುಕೊಂಡು, ಬೇಕಾದರೆ ಧರ್ಮಸ್ಥಳಕ್ಕೆ ಬಂದು ಆಣೆ ಇಡುತ್ತೇನೆ ಎಂದರು. ಈಗ ತಪ್ಪೊಪ್ಪಿಗೆ ಪತ್ರ ಬರೆದುಕೊಡುವಂತೆ ಧಣಿಗಳು ನನಗೆ ಹೇಳಿದ್ದಾರೆ. ಮೊಬೈಲಿನಲ್ಲಿ ಓದಿದ ‘ಸೈಕೋಪಾತ್’ ಲಕ್ಷಣಗಳೆಲ್ಲ ಅವರಿಗೆ ಹೊಂದುವಂತೆ ಕಾಣುತ್ತವೆ. ಅವರು ನಿಜಕ್ಕೂ ಅಂಥವರೇ, ಅಥವಾ ಇದೆಲ್ಲ ನನ್ನ ಭ್ರಮೆಯೇ? ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅವರ ಜೊತೆ ಗೋದಾಮಿಗೆ ಹೋಗಲು ಹಿಂಜರಿಯುವುದನ್ನೂ ಗಮನಿಸಿದ್ದೇನೆ.
(ಹೆಸರು ಬೇಡ, ಮೂಲ್ಕಿ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಈ ವ್ಯಕ್ತಿ ಎಂಥವರು ಎಂಬುದು ಒಂದು, ಈಗ ನಾನೇನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದು ಇತ್ಯರ್ಥವಾಗದೆ ಎರಡನೆಯದಕ್ಕೆ ಕೈಹಾಕಬಾರದೆಂದು ನೀವು ಅಂದುಕೊಂಡಂತಿದೆ. ಅಲ್ಲಿಯೇ ನನ್ನ ತಕರಾರು. ಅವರ ಮನಸ್ಸಿನೊಳಗೆ ಏನಿದೆ ಎಂಬುದನ್ನು ಮೇಜಿನ ಈಚೆ ಕುಳಿತು ನೀವು ತಿಳಿಯಲಾರಿರಿ, ಪತ್ರ ಓದಿ ನಾನೂ ತಿಳಿಯಲಾರೆ. ಆದರೆ ಆ ಮಾರ್ಚ್ ಸಂಜೆ ಏನು ನಡೆಯಿತು ಎಂಬುದನ್ನು ಕಾಗದಪತ್ರಗಳಿಂದ ಬಹುಮಟ್ಟಿಗೆ ತಿಳಿಯಬಹುದು, ಮತ್ತು ನಿಮ್ಮನ್ನು ಕಾಪಾಡಿಕೊಳ್ಳುವುದಕ್ಕೆ ಅಷ್ಟು ಸಾಕಾಗುತ್ತದೆ.

ಮೊದಲು ಆ ‘ಸೈಕೋಪಾತ್’ ಪದದ ಬಗ್ಗೆ ಹೇಳುತ್ತೇನೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ರೂಪಿಸಿದ ಅಳತೆಪಟ್ಟಿ ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 20 ಅಂಶಗಳಿವೆ, ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಸಾಮಾನ್ಯವಾಗಿ 30 ಅಂಕ ಮುಟ್ಟಿದವರಿಗೆ ಮಾತ್ರ ಆ ಹೆಸರು ಅನ್ವಯಿಸುತ್ತದೆ. ಅಂಕ ಹಾಕುವವರಿಗೆ ತರಬೇತಿ ಬೇಕು, ದೀರ್ಘ ಸಂದರ್ಶನ ಬೇಕು, ಮೇಲಾಗಿ ಆ ವ್ಯಕ್ತಿ ಹೇಳಿದ್ದನ್ನು ತಾಳೆ ನೋಡಲು ಹಳೆಯ ದಾಖಲೆಗಳು ಬೇಕು. ಪರಿಣತರೇ ಬರೀ ಮಾತನ್ನು ನಂಬಿ ತೀರ್ಮಾನಿಸುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯಲ್ಲಿ ‘ಸೈಕೋಪಾತ್’ ಎಂಬ ಪ್ರತ್ಯೇಕ ಕಾಯಿಲೆಯೇ ಇಲ್ಲ. ಅದಕ್ಕೆ ಹತ್ತಿರದ ಸಮಾಜವಿರೋಧಿ ವ್ಯಕ್ತಿತ್ವ ದೋಷವನ್ನು ಗುರುತಿಸಬೇಕಾದರೆ ವ್ಯಕ್ತಿಗೆ 18 ವರ್ಷ ಆಗಿರಬೇಕು, ಮತ್ತು 15 ವರ್ಷಕ್ಕೆ ಮೊದಲೇ ನಡತೆಯ ತೀವ್ರ ತೊಂದರೆಗಳು ಕಾಣಿಸಿಕೊಂಡಿದ್ದಕ್ಕೆ ಆಧಾರ ಇರಬೇಕು. ನಿಮ್ಮ ಸಹೋದ್ಯೋಗಿಯ ಬಾಲ್ಯದ ಬಗ್ಗೆ ನಿಮಗಾಗಲೀ ನನಗಾಗಲೀ ಏನೂ ಗೊತ್ತಿಲ್ಲ.

ಕಚೇರಿಗಳಲ್ಲಿ ಅಂಥವರು ಇರುವುದೇ ಇಲ್ಲವೆಂದು ಇದರ ಅರ್ಥವಲ್ಲ. ಪಾಲ್ ಬೇಬಿಯಾಕ್, ಹೇರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪನಿಗಳು ಮೇಲಿನ ಹುದ್ದೆಗಳಿಗೆಂದು ತಯಾರು ಮಾಡುತ್ತಿದ್ದ 203 ಮಂದಿಯ ಪೈಕಿ ನೂರಕ್ಕೆ ಸುಮಾರು ನಾಲ್ವರು ಆ 30ರ ಗಡಿ ಮುಟ್ಟಿದ್ದರು. ಹೆಚ್ಚು ಅಂಕ ಪಡೆದವರನ್ನು ಸಂಸ್ಥೆಯವರು ಮಾತುಗಾರಿಕೆಯಲ್ಲಿ ಚುರುಕು, ಒಟ್ಟಿಗೆ ದುಡಿಯುವುದರಲ್ಲಿ ಕಳಪೆ ಎಂದು ಗುರುತಿಸಿದ್ದರು. ಆ 203 ಮಂದಿ ಆರಿಸಿ ತೆಗೆದ ಗುಂಪಾದ್ದರಿಂದ ಅದೇ ಲೆಕ್ಕವನ್ನು ನಿಮ್ಮ ಕಚೇರಿಗೆ ಹಾಕಬಾರದು. ನನ್ನ ಚಿಕಿತ್ಸಾಲಯದ ಅನುಭವ ಹೇಳುವುದಾದರೆ, ಸಹೋದ್ಯೋಗಿಗಳಿಂದ ಹೀಗೆ ಪೆಟ್ಟು ತಿಂದು ಬಂದವರ ಕಥೆಗಳಲ್ಲಿ ಬರುವ ಬಹುಪಾಲು ವ್ಯಕ್ತಿಗಳು ಯಾವ ಕಾಯಿಲೆಯವರೂ ಅಲ್ಲ. ಸುಳ್ಳು ಹೇಳಿದರೆ ಕೆಲಸ ಆಗುತ್ತದೆ, ಸಿಕ್ಕಿಬಿದ್ದರೂ ಯಾರೂ ಕೇಳುವುದಿಲ್ಲ ಎಂಬುದನ್ನು ಹಿಂದಿನ ಎರಡು ಮೂರು ಕಡೆಗಳಲ್ಲಿ ಕಲಿತುಕೊಂಡವರು.

ಎರಡನೆಯ ತಪ್ಪು ಕಲ್ಪನೆ ಮುಖ ನೋಡಿ ಸುಳ್ಳನ್ನು ಹಿಡಿಯಬಹುದು ಎಂಬುದು. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆಂದು ಜಗತ್ತಿನ ಹತ್ತಾರು ದೇಶಗಳ ಜನ ನಂಬುತ್ತಾರೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಸಂಶೋಧಕರು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 24,000ಕ್ಕೂ ಹೆಚ್ಚು ಮಂದಿ ಇನ್ನೊಬ್ಬರ ಮಾತು ಕೇಳಿ ಸತ್ಯವೋ ಸುಳ್ಳೋ ಎಂದು ಹೇಳಿದ್ದು ಸರಿಯಾದದ್ದು ನೂರಕ್ಕೆ ಸರಾಸರಿ 54 ಬಾರಿ. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ. ಇದೇ ಕೆಲಸದಲ್ಲಿ ಪಳಗಿದವರು ಸಾಮಾನ್ಯರಿಗಿಂತ ಮೇಲೇನೂ ಆಗಿರಲಿಲ್ಲ.

ಪಳಗಿದವರಲ್ಲಿ ನಾನೂ ಸೇರಿದ್ದೇನೆ. ವರ್ಷಗಳ ಹಿಂದೆ ಒಬ್ಬರು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು, ಹೆಂಡತಿಯ ಕ್ಯಾನ್ಸರ್ ಚಿಕಿತ್ಸೆಯಿಂದ ತಮಗೆ ನಿದ್ದೆ ಹೋಗಿದೆಯೆಂದು ಹೇಳಿ, ಮಾತು ಮುಂದುವರಿಸಲಾಗದೆ ಕರವಸ್ತ್ರ ತೆಗೆದರು. ಒಂದು ತಿಂಗಳ ರಜೆಗೆ ಪ್ರಮಾಣಪತ್ರ ಬರೆದುಕೊಟ್ಟೆ. ರಜೆ ಮುಗಿಯುವ ಹೊತ್ತಿಗೆ ಅವರ ತಾಯಿ ಮಗನನ್ನು ಹುಡುಕಿಕೊಂಡು ಬಂದರು. ಮಾತಿನ ನಡುವೆ ಸೊಸೆಯ ಆರೋಗ್ಯ ವಿಚಾರಿಸಿದರೆ, “ಅವನಿಗೆ ಮದುವೆಯೇ ಆಗಲಿಲ್ಲವಲ್ಲ ಡಾಕ್ಟ್ರೇ” ಎಂದರು. ಅಂದು ನಾನು ಮಾಡಬೇಕಿದ್ದ ಕೆಲಸ ಬಹಳ ಸಣ್ಣದು. ಚಿಕಿತ್ಸೆಯ ಒಂದು ಚೀಟಿ ತೋರಿಸಿ ಎಂದು ಕೇಳಬೇಕಿತ್ತು. ಅಳುತ್ತಿರುವವರ ಬಳಿ ಚೀಟಿ ಕೇಳುವುದು ಕ್ರೌರ್ಯವೆಂದು ತೋರಿ ಕೇಳಲಿಲ್ಲ. ನಿಮಗೂ ಅದೇ ಸಂಕೋಚ ಅಡ್ಡ ಬಂದಿದೆ.

ಆಣೆಯ ಮಾತನ್ನೂ ಇದೇ ದೃಷ್ಟಿಯಿಂದ ನೋಡಬೇಕು. ನಮ್ಮ ಊರಿನಲ್ಲಿ ಆಣೆ ಇಡುತ್ತೇನೆಂಬ ಮಾತಿಗೆ ಎಷ್ಟು ತೂಕವಿದೆಯೆಂದು ನನಗೆ ಗೊತ್ತಿದೆ, ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಆಣೆ ಇಡಲು ಸಿದ್ಧ ಎಂದು ಸಭೆಯಲ್ಲಿ ಹೇಳುವುದು ಬೇರೆ, ಆಣೆ ಇಡುವುದು ಬೇರೆ. ಮೊದಲನೆಯದಕ್ಕೆ ಏನೂ ಖರ್ಚಿಲ್ಲ. ಕೇಳಿದವರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ, ಗೋದಾಮಿನ ಚೀಟಿ ಎಲ್ಲಿ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಮಾತಿನ ಓಘವೂ ಪ್ರಮಾಣವಾಗುವುದಿಲ್ಲ ಎಂಬುದು ತಾಳಮದ್ದಳೆ ಕೇಳಿ ಬೆಳೆದ ನಮಗೆ ಹೊಸದಲ್ಲ. ಮಾತಿನಲ್ಲೇ ಪಾತ್ರ ಕಟ್ಟುವ ಅರ್ಥಧಾರಿ ಒಬ್ಬರೇ ಈ ವಾರ ಕೃಷ್ಣನಾಗಿ ಸಂಧಾನವೇ ಧರ್ಮವೆಂದು ನಮ್ಮನ್ನು ಒಪ್ಪಿಸಿ, ಮುಂದಿನ ವಾರ ಕೌರವನಾಗಿ ಸೂಜಿಮೊನೆಯಷ್ಟು ನೆಲವನ್ನೂ ಕೊಡದಿರುವುದೇ ನ್ಯಾಯವೆಂದು ಒಪ್ಪಿಸುತ್ತಾರೆ. ಅಲ್ಲಿ ಅದು ಕಲೆಯೆಂದು ತಿಳಿದೇ ತಲೆದೂಗುತ್ತೇವೆ. ಕಚೇರಿಯಲ್ಲಿ ಆ ತಿಳಿವಳಿಕೆ ಇರುವುದಿಲ್ಲ.

ಹಾಗಾದರೆ ಬುದ್ಧಿವಂತರೂ ಹೇಗೆ ಸಿಕ್ಕಿಬೀಳುತ್ತಾರೆ? ಎದುರಿನವರು ಹೇಳಿದ್ದನ್ನು ನಿಜವೆಂದು ಹಿಡಿದು ಮುಂದುವರಿಯುವುದು ಮನುಷ್ಯರ ಸಹಜ ರೀತಿ. ಹಾಗಿಲ್ಲದಿದ್ದರೆ ಒಂದು ದಿನದ ವ್ಯವಹಾರವೂ ನಡೆಯುವುದಿಲ್ಲ. ಆ ಸಹಜತೆಯ ಮೇಲೆ ಆ ಸಂಜೆ ಏನೇನು ಕೂಡಿಬಂದಿತ್ತು ಎಂಬುದನ್ನು ನೋಡಿ. ಮಾರ್ಚ್ ಕೊನೆ, ಲೆಕ್ಕ ಮುಚ್ಚುವ ಅವಸರ. ಮೇಜಿನ ಮೇಲೆ ವೋಚರುಗಳ ರಾಶಿ. ಬಂದವರು ಮಗನ ಸೀಟಿಗಾಗಿ ಓಡಾಡಿದವರು, ಅಂದರೆ ನಿಮ್ಮ ಮೇಲೆ ಒಂದು ಋಣವಿದೆ. ಮನೆಯ ಗುಟ್ಟನ್ನು ನಿಮ್ಮೊಬ್ಬರಿಗೇ ಹೇಳಿದವರು, ಆದ್ದರಿಂದ ಅವರನ್ನು ಅನುಮಾನಿಸುವುದು ವಿಶ್ವಾಸದ್ರೋಹದಂತೆ ತೋರುತ್ತದೆ. ಜೊತೆಗೆ ‘ಧಣಿಗಳಿಗೆ ಹೇಳಿ ಆಗಿದೆ’ ಎಂಬ ಮಾತು. ಧಣಿಗಳ ಕೋಣೆಗೆ ಹೋಗಿ ಕೇಳಿ ಖಾತ್ರಿ ಮಾಡಿಕೊಳ್ಳುವ ರೂಢಿ ನಿಮ್ಮ ಸಂಸ್ಥೆಯಲ್ಲಿ ಇಲ್ಲವೆಂಬುದು ಅವರಿಗೆ ಗೊತ್ತು. ಒಂದೂವರೆ ವರ್ಷದಲ್ಲಿ ಒಂದೊಂದಾಗಿ ಬಂದ ಅಷ್ಟೂ ಸಂಗತಿಗಳು ಐದು ನಿಮಿಷದಲ್ಲಿ ಒಟ್ಟಿಗೆ ಕೆಲಸ ಮಾಡಿದವು. ಬಾಯಿಮಾತಿನ ಅಪ್ಪಣೆಯಿಂದ ನಡೆಯುವ ಸಂಸ್ಥೆಗಳಲ್ಲಿ, ವಿಶೇಷವಾಗಿ ಮನೆತನದ ವ್ಯವಹಾರಗಳಲ್ಲಿ, ಇಂಥ ವ್ಯಕ್ತಿಗಳು ಹುಲುಸಾಗಿ ಬೆಳೆಯುವುದಕ್ಕೆ ಅವರ ಚಾಣಾಕ್ಷತನಕ್ಕಿಂತಲೂ ಈ ರೂಢಿಯೇ ದೊಡ್ಡ ಕಾರಣವೆಂದು ನಾನು ತಿಳಿಯುತ್ತೇನೆ.

ಇಷ್ಟು ಹೇಳಿದ ಮೇಲೂ ನಿಮ್ಮ ಪತ್ರದಲ್ಲಿರುವುದು ಒಂದೇ ಪಕ್ಷದ ಕಥೆ ಎಂಬುದನ್ನು ನಾನು ಮರೆಯುವಂತಿಲ್ಲ. ಮರೆವು, ಕೆಲಸದ ಅಜ್ಞಾನ, ಸಿಕ್ಕಿಬೀಳುವ ಭಯದಿಂದ ಆಡಿದ ಒಂದು ಹೇಡಿ ಸುಳ್ಳು, ಇವೆಲ್ಲ ಹೊರಗಿನಿಂದ ವಂಚನೆಯಂತೆಯೇ ಕಾಣುತ್ತವೆ. ಒಂದು ಘಟನೆಯಿಂದ ಇವುಗಳ ವ್ಯತ್ಯಾಸ ತಿಳಿಯುವುದಿಲ್ಲ, ನಾಲ್ಕಾರು ಘಟನೆಗಳನ್ನು ಸಾಲಾಗಿ ಇಟ್ಟಾಗ ತಿಳಿಯುತ್ತದೆ. ಮರೆಗುಳಿಯ ಮರೆವು ಒಮ್ಮೆ ಅವರಿಗೂ ನಷ್ಟ ಮಾಡುತ್ತದೆ. ಪ್ರತಿ ಬಾರಿಯೂ ಒಬ್ಬರಿಗೇ ಲಾಭವಾಗುವ ಮರೆವನ್ನು ಮರೆವೆಂದು ಕರೆಯುವುದು ಕಷ್ಟ. ತಪ್ಪು ತೋರಿಸಿದಾಗ ಸಾಮಾನ್ಯರು ನಾಚುತ್ತಾರೆ, ಸಿಟ್ಟಾಗುತ್ತಾರೆ, ಆಮೇಲಾದರೂ ಲೆಕ್ಕ ಸರಿಪಡಿಸಲು ಬರುತ್ತಾರೆ. ಲೆಕ್ಕದ ಮಾತನ್ನೇ ಬಿಟ್ಟು ನಿಮ್ಮ ಗುಣದ ಮಾತಿಗೆ ಇಳಿಯುವವರ ಬಗ್ಗೆ ಎಚ್ಚರ ಬೇಕು. ಅಲ್ಲಗಳೆಯುವುದು, ಎದುರಿನವರ ಮೇಲೆ ಬೀಳುವುದು, ಕೊನೆಗೆ ತಾನೇ ನೊಂದವನೆಂದು ತೋರಿಸಿಕೊಳ್ಳುವುದು, ಈ ಸರಣಿಯನ್ನು ಜೆನಿಫರ್ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞೆ 1997ರಲ್ಲೇ ಗುರುತಿಸಿ ಹೆಸರಿಟ್ಟಿದ್ದಾರೆ. ಧಣಿಗಳ ಕೋಣೆಯಲ್ಲಿ ನೀವು ಕಂಡದ್ದು ಬಹುಶಃ ಅದೇ.

ನಾನು ಹೆಚ್ಚು ಬೆಲೆ ಕೊಡುವ ಇನ್ನೊಂದು ಗುರುತು ಇದೆ. ಮೇಲಿನವರೊಂದಿಗಿನ ನಡವಳಿಕೆಯನ್ನು ಬಿಟ್ಟು, ತಮಗೆ ಉಪಯೋಗವಿಲ್ಲದವರೊಂದಿಗೆ ಆ ವ್ಯಕ್ತಿ ಹೇಗಿರುತ್ತಾರೆಂದು ನೋಡಿ. ಲಾರಿ ಡ್ರೈವರ್, ಗೇಟಿನ ವಾಚ್‌ಮನ್, ಬೀಜ ಸುಲಿಯುವ ಹೆಂಗಸರು ಅವರ ಬಗ್ಗೆ ಏನು ಹೇಳುತ್ತಾರೆ? ವರ್ಗವಾಗಿ ಹೋದ ಅಧಿಕಾರಿಯನ್ನು ಅವರು ಆಮೇಲೆ ಎಂದಾದರೂ ವಿಚಾರಿಸಿದ್ದಾರೆಯೇ? ಹೆಂಡತಿಯ ಕಾಯಿಲೆಯ ಕಥೆ ಇನ್ನೊಬ್ಬರ ಬಳಿ ತಂದೆಯ ಕಾಯಿಲೆಯಾಗಿದೆಯೇ? ಕೊನೆಯದನ್ನು ಪತ್ತೆದಾರಿಕೆ ಮಾಡಿ ತಿಳಿಯಬೇಕಿಲ್ಲ. ಊಟದ ಹೊತ್ತಿನಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ. ಬಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಿ, ಹರಡಬೇಡಿ. ಕಾಯಿಲೆ ನಿಜವೂ ಆಗಿರಬಹುದು.

ಈಗ ಏನು ಮಾಡಬಹುದೆಂಬ ವಿಷಯ. ಬಹಳಷ್ಟು ಮಂದಿ ಮೊದಲು ಬಯಸುವುದು ಎದುರಾಎದುರು ಮಾತಾಡಿ ಇತ್ಯರ್ಥ ಮಾಡಿಕೊಳ್ಳುವುದನ್ನು. ಸಾಧಾರಣ ಮನಸ್ತಾಪಕ್ಕೆ ಅದೇ ಮದ್ದು. ನಿಮ್ಮ ಸಂದರ್ಭದಲ್ಲಿ ನಾನು ಬೇಡ ಎನ್ನುತ್ತೇನೆ, ಏಕೆಂದರೆ ಸಾಕ್ಷಿಯಿಲ್ಲದ ಕೋಣೆಯ ಮಾತು ಹೊರಗೆ ಬರುವಾಗ ಹೇಗೆ ತಿರುಗುತ್ತದೆಂದು ನೀವು ಒಮ್ಮೆ ನೋಡಿಯಾಗಿದೆ. ಸಹೋದ್ಯೋಗಿಗಳನ್ನು ಒಟ್ಟುಗೂಡಿಸುವುದರಲ್ಲೂ ಅಪಾಯವಿದೆ. ಎಲ್ಲರ ಅನುಭವ ಕೇಳುತ್ತಾ ಹೋದರೆ ಎರಡೇ ವಾರದಲ್ಲಿ ಗುಂಪು ಕಟ್ಟುತ್ತಿರುವವರು ನೀವು ಎಂದಾಗುತ್ತದೆ. ಮೊಬೈಲಿನಲ್ಲಿ ಗುಟ್ಟಾಗಿ ಧ್ವನಿಮುದ್ರಿಸುವ ಯೋಚನೆ ಇದ್ದರೆ, ವಕೀಲರನ್ನು ಕೇಳದೆ ಮುಂದುವರಿಯಬೇಡಿ. ವಿದ್ಯುನ್ಮಾನ ದಾಖಲೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ವಿಷಯ ಬಯಲಾದ ದಿನ ಬಿಲ್ಲಿನ ಮಾತು ಮರೆತುಹೋಗಿ ನೀವು ಧ್ವನಿಮುದ್ರಿಸಿದ್ದೇ ಮುಖ್ಯ ಅಪರಾಧವಾಗುತ್ತದೆ.

ಕಾಗದದ ದಾರಿ ನಿಧಾನ, ಆದರೆ ಗಟ್ಟಿ. ಲೆಕ್ಕದವರಾದ ನಿಮಗೆ ಇದನ್ನು ನಾನು ಹೇಳಿಕೊಡಬೇಕಿಲ್ಲವಾದರೂ ಗಾಬರಿಯಲ್ಲಿ ಹೊಳೆಯದೆ ಹೋಗಬಹುದು. 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಪತ್ರ ಬೇಕು. ಬಂದ ಅರ್ಧ ಮಾಲಿನ ಬೆಲೆಯೂ ಅದನ್ನು ಮೀರುವುದರಿಂದ ತಾರೀಕು, ವಾಹನದ ಸಂಖ್ಯೆ, ಸರಕಿನ ಪ್ರಮಾಣ ಎಲ್ಲೋ ನಮೂದಾಗಿರಬೇಕು. ವಾಚ್‌ಮನ್ ಬರೆಯುವ ಗೇಟ್ ರಿಜಿಸ್ಟರ್ ಇದೆ. ನಿಮ್ಮ ಸಂಸ್ಥೆ ಕಂಪನಿಯಾಗಿ ನೋಂದಣಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಯಾವ ನಮೂದು ಯಾವಾಗ ಬದಲಾಯಿತು ಎಂಬ ಜಾಡು ಉಳಿಯಲೇಬೇಕೆಂಬ ನಿಯಮವಿದೆ. ಇವುಗಳನ್ನು ಪರಿಶೀಲಿಸುವಂತೆ ಲಿಖಿತವಾಗಿ ಕೋರಿ. ನೀವೇ ನಕಲು ಮಾಡಿ ಮನೆಗೆ ಒಯ್ಯಬೇಡಿ, ಅದು ಗೋಪ್ಯತೆಯ ಉಲ್ಲಂಘನೆಯಾಗಿ ನಿಮಗೇ ಉರುಳಾದೀತು. ಮನೆಯಲ್ಲಿ ಇಟ್ಟುಕೊಳ್ಳಬಹುದಾದದ್ದು ನಿಮ್ಮ ಸ್ವಂತ ನೋಟುಪುಸ್ತಕ. ಅದರಲ್ಲಿ ತಾರೀಕು, ಹೊತ್ತು, ಆಡಿದ ಮಾತು, ಹತ್ತಿರ ಯಾರಿದ್ದರು ಎಂಬುದಿರಲಿ. ‘ಮೋಸಗಾರ’, ‘ನಾಟಕ’ ಎಂಬ ಪದಗಳು ಅದರಲ್ಲಿ ಇರಬಾರದು.

ಇನ್ನು ಮುಂದೆ ಅವರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆಲ್ಲ ಅದೇ ದಿನ ಎರಡು ಸಾಲಿನ ಮಿಂಚಂಚೆ ಕಳಿಸಿ: “ಇಂದು ಸಂಜೆ 5.40ಕ್ಕೆ ನೀವು ತಿಳಿಸಿದ ಬಿಲ್ ನನ್ನ ಬಳಿ ಇದೆ. ಗೋದಾಮಿನ ಸ್ವೀಕೃತಿ ಚೀಟಿ ತಲುಪಿದ ಕೂಡಲೇ ಪಾಸ್ ಮಾಡುತ್ತೇನೆ.” ಇದರ ಬೆಲೆ ಏನೆಂದರೆ ವಾತಾವರಣ ತಣ್ಣಗಾಗುತ್ತದೆ. ‘ಅಕ್ಕ’ ಎಂಬ ಕರೆ ‘ಮೇಡಂ’ ಆದೀತು, ನಿಮಗೆ ಅಹಂಕಾರ ಬಂದಿದೆಯೆಂಬ ಮಾತು ಹುಟ್ಟೀತು. ಅದನ್ನು ತಡೆದುಕೊಳ್ಳುವ ಶಕ್ತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮಗನ ಸೀಟಿನ ಉಪಕಾರಕ್ಕೆ ಕೃತಜ್ಞತೆ ಹೇಳಿ ಆಗಿದ್ದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು, ಅದರ ಬಡ್ಡಿ ಸಂಸ್ಥೆಯ ಹಣದಿಂದ ಕೊಡುವಂಥದ್ದಲ್ಲ.

ಧಣಿಗಳ ಬಳಿ ಹೋಗುವುದಾದರೆ ವ್ಯಕ್ತಿಯ ಮೇಲೆ ದೂರು ಹಿಡಿದು ಹೋಗಬೇಡಿ. ಅವರನ್ನು ಆರಿಸಿ ತಂದವರು ಧಣಿಗಳೇ ಆಗಿದ್ದರೆ, ನಿಮ್ಮ ದೂರು ಧಣಿಗಳ ಆಯ್ಕೆಯ ಮೇಲಿನ ಟೀಕೆಯಾಗಿ ಕೇಳಿಸುತ್ತದೆ. ಗೋದಾಮಿನ ಚೀಟಿಯಿಲ್ಲದೆ ಯಾವ ಬಿಲ್ಲೂ ಪಾಸಾಗಬಾರದು, ಒಂದು ಮೊತ್ತವನ್ನು ಮೀರಿದರೆ ಎರಡು ಸಹಿ ಬೇಕು ಎಂಬ ನಿಯಮವನ್ನು ಕೇಳಿಕೊಂಡು ಹೋಗಿ. ಹಣ ಉಳಿಯುವ ಮಾತು ಯಾವ ಧಣಿಗೂ ಅರ್ಥವಾಗುತ್ತದೆ. ಆ ನಿಯಮಕ್ಕೆ ಯಾರು ಅಡ್ಡ ಮಾತಾಡುತ್ತಾರೆಂದು ಅವರೇ ನೋಡಲಿ. ಇಷ್ಟಾದರೂ ಅವರು ಕಿವಿಗೊಡದಿದ್ದರೆ ಬೇರೆ ಕೆಲಸ ಹುಡುಕುವುದನ್ನು ಸೋಲೆಂದು ತಿಳಿಯಬೇಡಿ. ಆದರೆ ಸಿಟ್ಟಿನಲ್ಲಿ ರಾಜೀನಾಮೆ ಬೇಡ. ಗ್ರಾಚ್ಯುಟಿಗೆ ಬೇಕಾದ 5 ವರ್ಷಗಳ ನಿರಂತರ ಸೇವೆಯನ್ನು ನೀವು ಎಂದೋ ದಾಟಿದ್ದೀರಿ. ಬಾಕಿ ಏನೇನು ಬರಬೇಕೆಂದು ಲೆಕ್ಕ ಹಾಕಿ, ಕೈಯಲ್ಲಿ ಇನ್ನೊಂದು ನೇಮಕ ಪತ್ರ ಇಟ್ಟುಕೊಂಡು ಹೊರಡಿ.

ಆ ಹುಡುಗಿಯ ವಿಷಯ ಬಿಲ್ಲಿನ ವಿಷಯದೊಂದಿಗೆ ಬೆರೆಯಬಾರದು. ಅವಳ ಹಿಂಜರಿಕೆಗೆ ಕಾರಣವನ್ನು ನೀವು ಊಹಿಸಬೇಡಿ, ಒಬ್ಬಳೇ ಇರುವಾಗ ಕೇಳಿ. ಲೈಂಗಿಕ ಕಿರುಕುಳವಾಗಿದ್ದರೆ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರನ್ನು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅವಳದು.

ನಿಮ್ಮ ನಿದ್ದೆಯ ಬಗ್ಗೆ: ಎರಡು ವಾರ ದಾಟಿ ಹೀಗೆಯೇ ಇದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸುವ ಯೋಚನೆ ಸುಳಿದರಂತೂ ಕೂಡಲೇ, ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಮದು ಭ್ರಮೆಯೇ ಎಂದು ಕೇಳಿದ್ದೀರಿ. ಭ್ರಮೆಯಲ್ಲಿರುವವರು ಸಾಮಾನ್ಯವಾಗಿ ಆ ಪ್ರಶ್ನೆ ಕೇಳುವುದಿಲ್ಲ, ಅವರಿಗೆ ಎಲ್ಲವೂ ಖಚಿತವಾಗಿರುತ್ತದೆ. ಎರಡು ಪರಸ್ಪರ ವಿರುದ್ಧ ಮಾತುಗಳನ್ನು ಒಬ್ಬರ ಬಾಯಲ್ಲೇ ಕೇಳಿದ ಯಾರಿಗಾದರೂ ತಮ್ಮ ನೆನಪಿನ ಮೇಲೆ ಅನುಮಾನ ಬರುತ್ತದೆ.

ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಏನೂ ಬರೆಯದೆ ಕೂರುವುದೂ ಬೇಡ, ಅದು ಉದ್ಧಟತನವೆಂದು ದಾಖಲಾಗುತ್ತದೆ. ‘ವಿವರಣೆ’ ಎಂಬ ತಲೆಬರಹದಲ್ಲಿ ಒಂದು ಪುಟ ಬರೆಯಿರಿ. ಇಂಥ ತಾರೀಕಿನಂದು ಇಷ್ಟು ಮೊತ್ತದ ಬಿಲ್ ನನ್ನ ಮುಂದೆ ಬಂತು, ಅನುಮತಿ ಆಗಿದೆಯೆಂದು ಬಾಯಿಮಾತಿನಲ್ಲಿ ತಿಳಿಸಲಾಯಿತು, ಸ್ವೀಕೃತಿ ಚೀಟಿ ಮರುದಿನ ಬರುವುದೆಂಬ ಭರವಸೆಯ ಮೇಲೆ ಪಾಸ್ ಮಾಡಿದೆ, ಚೀಟಿ ಬರಲಿಲ್ಲ, ಚೀಟಿಗೆ ಕಾಯದೆ ಪಾಸ್ ಮಾಡಿದ್ದು ನನ್ನಿಂದಾದ ಕ್ರಮಲೋಪ, ಗೇಟ್ ರಿಜಿಸ್ಟರ್ ಮತ್ತು ಇ-ವೇ ಬಿಲ್ ಪರಿಶೀಲಿಸಬೇಕಾಗಿ ಕೋರುತ್ತೇನೆ ಎಂದಿಷ್ಟೇ ಇರಲಿ. ಆ ಕ್ರಮಲೋಪದ ಸಾಲನ್ನು ಬಿಡಬೇಡಿ. ಅದು ನಿಜ, ಮತ್ತು ಅದನ್ನು ನೀವೇ ಬರೆದರೆ ಉಳಿದ ಸಾಲುಗಳಿಗೂ ಬೆಲೆ ಬರುತ್ತದೆ. ಕೊಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಎರಡು ಪ್ರತಿ ಮಾಡಿಸಿ, ನಿಮ್ಮ ಬಳಿ ಉಳಿಯುವ ಪ್ರತಿಯ ಮೇಲೆ ಕಚೇರಿಯ ಮುದ್ರೆ, ತಾರೀಕು ಮತ್ತು ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ.